ಕೊಕ್ಕರೆಯ ದೂರು

ಅಂಗಳಕ್ಕೆ ಒಂದೇ ಬೊಂಬೆ ಎಂದು ಬಡಾವಣೆಯ ಸಂಘ ನಿಯಮ ಮಾಡಿದಂದಿನಿಂದ ಸಿಮೆಂಟಿನ ಕೊಕ್ಕರೆಗೆ ನೆಮ್ಮದಿಯಿಲ್ಲ. ದಾಸವಾಳದ ಗಿಡದ ಮರೆಯಲ್ಲಿದ್ದ ಮಣ್ಣಿನ ಆಮೆ ಮಾತಾಡಿದರೂ ಅದಕ್ಕೆ ಸಂಶಯ, ಸುಮ್ಮನಿದ್ದರೂ ಸಂಶಯ.

"ನನ್ನ ಮೇಲೆ ದೂರು ಕೊಟ್ಟೆಯಾ?" ಎಂದು ಕೇಳಿತು.

"ಇಲ್ಲಣ್ಣ, ಬಾಯಿ ಮುಚ್ಚಿಕೊಂಡಿದ್ದರೆ ಇಬ್ಬರೂ ಉಳಿಯುತ್ತೇವೆ" ಎಂದಿತು ಆಮೆ.

ಇದು ಏನೋ ಸಂಚು ಹೂಡಿದೆ ಎಂದುಕೊಂಡಿತು ಕೊಕ್ಕರೆ.

ಮರುದಿನ ಸಂಘದ ನಾಯಿ ತಪಾಸಣೆಗೆ ಬಂತು. ಗೇಟಿನಿಂದಲೇ ನೋಡಿ, "ಇಲ್ಲಿ ಒಂದೇ ಇದೆ, ಸರಿ" ಎಂದು ತಿರುಗಿತು.

"ಸ್ವಾಮಿ, ಗಿಡದ ಹಿಂದೆ ಇನ್ನೊಂದು ಅಡಗಿದೆ!" ಎಂದು ಕೊಕ್ಕರೆ ಕೂಗಿತು.

ನಾಯಿ ಇಣುಕಿತು. "ಹೌದಲ್ಲ! ಎರಡಿದ್ದರೆ ಎತ್ತರದ್ದನ್ನು ತೆಗೆಯಬೇಕೆಂದು ನಿಯಮ."

ಸಂಜೆಯೊಳಗೆ ಕೊಕ್ಕರೆಯನ್ನು ಗಾಡಿಗೆ ಹೇರಿದರು. ಆಗಲೂ ಅದು ಆಮೆಯನ್ನು ದುರುಗುಟ್ಟಿ ನೋಡಿ, "ಈ ನಿಯಮ ನಿನಗೆ ಮೊದಲೇ ಗೊತ್ತಿತ್ತು, ಅಲ್ಲವೇ?" ಎಂದಿತು.