ಕೊನೆಯ ತಪ್ಪಲೆ

“ಪಾತ್ರೆ ಬಾಯಿಬಿಟ್ಟು ಹೇಳಲಿ. ಆಗ ಕೊಡ್ತೀನಿ ನಿನ್ನ ಕೂಲಿ.”

ಹೀಗೆಂದವನು ಹಾರನಕೋಟೆ ಅರಮನೆಯ ಅಡುಗೆಮನೆ ನೋಡಿಕೊಳ್ಳುವ ಸುಬ್ಬರಸಯ್ಯ. ಹೇಳಿಸಿಕೊಂಡವನು ನಾನು, ಕಲಾಯಿ ಮೀರಾಸಾಬಿ. ತಾಮ್ರದ ಪಾತ್ರೆಯ ಒಳಮೈಗೆ ತವರ ಬಳಿಯುವುದು ನನ್ನ ಕೆಲಸ. ಕರೆದವರ ಅಂಗಳದಲ್ಲಿ ಕುಳಿ ತೋಡಿ, ಇದ್ದಿಲು ಸುರಿದು, ತಿದಿ ಒತ್ತುತ್ತೇನೆ.

ಕೆಲಸ ಬರುತ್ತದೆ. ಕೂಲಿ ಕೇಳಲು ಬರುವುದಿಲ್ಲ. ಕೇಳುತ್ತಿದ್ದವಳು ನನ್ನ ಹೆಂಡತಿ ಹಲೀಮಾ.

ಅವಳದೊಂದು ಪದ್ಧತಿ ಇತ್ತು. ಎಷ್ಟೇ ಪಾತ್ರೆ ಇರಲಿ, ಎಲ್ಲ ಒಪ್ಪಿಸಿ, ಒಂದು ತಪ್ಪಲೆ ಮಾತ್ರ ಮಗ್ಗುಲಲ್ಲಿ ಇಟ್ಟುಕೊಂಡು ಕೂರುವಳು. “ಇದು ಇನ್ನೂ ಬಿಸಿ ಇದೆ ಅಮ್ಮಾವ್ರೆ” ಎನ್ನುವಳು. ಕೂಲಿ ಕೈಗೆ ಬಂದ ತಕ್ಷಣ ಅದು ತಣ್ಣಗಾಗುತ್ತಿತ್ತು.

ಹೋದ ಮಾಗಿಯಲ್ಲಿ ಅವಳು ತೀರಿಕೊಂಡಳು.

ಅರಮನೆಯ ಕೆಲಸ ಬಂದದ್ದು ಆಮೇಲೆ. ದೊರೆಯ ಹುಟ್ಟುಹಬ್ಬದ ಊಟಕ್ಕೆ ನಲವತ್ತು ಪಾತ್ರೆ. ತವರ ಕೊಳ್ಳಲು ಕಾಸಿರಲಿಲ್ಲ. ಹಲೀಮಾಳ ಮೂಗುಬೊಟ್ಟನ್ನು ತವರದ ಅಂಗಡಿಯಲ್ಲಿ ಒತ್ತೆ ಇಟ್ಟೆ. ಬರುವ ಅಮಾವಾಸ್ಯೆಯೊಳಗೆ ಬಿಡಿಸಿಕೊಳ್ಳದಿದ್ದರೆ ಕರಗಿಸುತ್ತೇನೆ ಎಂದ ಅಂಗಡಿಯವನು.

ಮೂರು ದಿನ ಒಬ್ಬನೇ ತಿದಿ ಒತ್ತಿದೆ. ಒಬ್ಬನೇ ಬಳಿದೆ. ನಲವತ್ತನ್ನೂ ಎಣಿಸಿ ಒಪ್ಪಿಸಿದೆ. ಒಪ್ಪಿಸಿದ ಮೇಲೆ ಆ ಒಂದು ತಪ್ಪಲೆ ನೆನಪಾಯಿತು. ನನ್ನಂಥ ಬುದ್ಧಿವಂತ ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ.

ಕೂಲಿಗಾಗಿ ಹದಿನೈದು ದಿನ ಅಲೆದೆ. ಅಷ್ಟರಲ್ಲಿ ಊಟ ಮುಗಿದು, ಪಾತ್ರೆಗಳೆಲ್ಲ ರಾಣಿಯವರ ಜೊತೆ ಬೇಸಿಗೆ ಅರಮನೆಗೆ ಹೋಗಿದ್ದವು. ಎಂಟು ದಿನದ ದಾರಿ. ಅದು ಗೊತ್ತಿದ್ದೇ ಸುಬ್ಬರಸಯ್ಯ ಪಾತ್ರೆ ಬಾಯಿಬಿಡಲಿ ಎಂದದ್ದು.

ನಮ್ಮ ದೊರೆ ಪ್ರತಿ ಮಂಗಳವಾರ ಕೋಟೆ ಬಾಗಿಲ ಕಟ್ಟೆಯ ಮೇಲೆ ಕೂತು ಕೂಲಿಯವರ ಸಣ್ಣ ವ್ಯಾಜ್ಯ ಕೇಳುತ್ತಾರೆ. ವಕೀಲರಿಲ್ಲ, ಖರ್ಚಿಲ್ಲ. ಇಬ್ಬರೂ ತಮ್ಮ ಬಾಯಿಂದಲೇ ಹೇಳಬೇಕು. ಮಧ್ಯಾಹ್ನದ ನಗಾರಿಯೊಳಗೆ ತೀರ್ಪು. ನನಗೆ ಅದೇ ಕಷ್ಟ. ನಾನು ಒಂದು ಮಾತು ಮುಗಿಸುವ ಹೊತ್ತಿಗೆ ಎದುರಿನವರು ಊಟ ಮುಗಿಸಿ ಕೈ ತೊಳೆದಿರುತ್ತಾರೆ.

ಆದರೂ ಹೋದೆ. ಅಮಾವಾಸ್ಯೆಗೆ ಎರಡೇ ದಿನ ಇತ್ತು.

“ಇವನು ಕೆಲಸ ಕೇಳಿಕೊಂಡು ಬಂದಿದ್ದ ಮಹಾಸ್ವಾಮಿ. ಬೇಡವೆಂದು ಕಳಿಸಿದೆ” ಎಂದ ಸುಬ್ಬರಸಯ್ಯ. ಅವನ ಹಿಂದೆ ನಿಂತಿದ್ದ ಅಡುಗೆಯವರು ನೆಲ ನೋಡಿದರು. ಅವರ ಅನ್ನ ಅವನ ಕೈಲಿತ್ತು.

“ನಿನ್ನ ಸಾಕ್ಷಿ ಯಾರಯ್ಯ?” ದೊರೆ ಕೇಳಿದರು.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಎಲ್ಲ ಮರೆತುಹೋಯಿತು. ದೊರೆ ನಗಾರಿಯ ಕಡೆ ನೋಡಿದರು.

“ನಗಾರಿ ಹೊಡೆಯುವುದರೊಳಗೆ ಹೇಳ್ತೀಯಾ?”

“ಹೇಳ್ತೀನಿ ಬುದ್ಧಿ.”

“ಇವತ್ತಿನ ನಗಾರಿಯೋ, ಬರೋ ಮಂಗಳವಾರದ್ದೋ?” ಸುಬ್ಬರಸಯ್ಯ ಕೇಳಿದ. ಜನ ನಕ್ಕರು. ನನಗೂ ನಗು ಬಂತು, ತಡವಾಗಿ.

ಆಗ ಬಾಯಿಗೆ ಬಂದದ್ದು ಒಂದೇ ಮಾತು. ಯಾವ ಮನೆಗೆ ಹೋದರೂ ಹಲೀಮಾ ಮೊದಲು ಕೇಳುತ್ತಿದ್ದ ಮಾತು.

“ಅಯ್ಯನೋರೆ, ನಿಮ್ಮ ಪಾತ್ರೆಗೆ ಕಲಾಯಿ ಹಾಕಿಸಿ ಎಷ್ಟು ಕಾಲ ಆಯ್ತು?”

ಸುಬ್ಬರಸಯ್ಯ ಎದೆ ಉಬ್ಬಿಸಿದ. “ಮೂರು ವರ್ಷ. ಮಹಾಸ್ವಾಮಿಗಳ ಬೊಕ್ಕಸದ ಒಂದು ಕಾಸನ್ನೂ ನಾನು ಕಲಾಯಿಗೆ ಸುರಿದಿಲ್ಲ. ಬೂದಿ ಹಾಕಿ ತಿಕ್ಕಿಸ್ತೀನಿ. ಫಳಫಳ ಅನ್ನುತ್ತೆ.”

“ಅದನ್ನ ಬರೆದುಕೊಳ್ಳಲಿ ಬುದ್ಧಿ” ಎಂದೆ. ದೊರೆಯ ಪಕ್ಕ ಕೂತು ಬರೆಯುವವನು ಬರೆದುಕೊಂಡ.

“ಹುಟ್ಟುಹಬ್ಬದ ದಿನ ಹುಳಿ ಬೇಯಿಸಿದ್ದು ಯಾವುದರಲ್ಲಿ?”

“ಅದೇ ತಾಮ್ರದ ಕೊಪ್ಪರಿಗೆಯಲ್ಲಿ. ಇನ್ನೇನು ನಿನ್ನ ಟೋಪಿಯಲ್ಲಾ?”

“ಹುಳಿ ಸೊಗಸಾಗಿತ್ತು” ಎಂದರು ದೊರೆ. “ಮೂರು ಸಲ ಬಡಿಸಿಕೊಂಡೆ.”

“ಹಾಗಾದರೆ ನನ್ನ ಸಾಕ್ಷಿ ಇಲ್ಲೇ ಇದೆ ಬುದ್ಧಿ.”

“ಯಾರು?”

“ತಮ್ಮ ಹೊಟ್ಟೆ.”

ಕಾವಲಿನವನು ಈಟಿ ಸರಿಮಾಡಿಕೊಂಡ. ನನ್ನ ಮಾತು ನಿಧಾನ, ನಡುವೆ ತಲೆ ಹೋದರೆ ಕಷ್ಟ ಎಂದು ಸ್ವಲ್ಪ ಬೇಗ ಹೇಳಿದೆ.

“ಮೂರು ವರ್ಷ ಕಲಾಯಿ ಕಾಣದ ತಾಮ್ರದಲ್ಲಿ ಹುಣಸೆ ಹಾಕಿ ಹುಳಿ ಬೇಯಿಸಿದರೆ ಕಿಲುಬು ಬಿಡುತ್ತೆ. ಒಂದು ಸೌಟು ಉಂಡವನೂ ಸಂಜೆಯೊಳಗೆ ಕಕ್ಕುತ್ತಾನೆ. ತಾವು ಮೂರು ಸಲ ಉಂಡಿರಿ. ಕಕ್ಕಿದಿರಾ?”

“ಇಲ್ಲ. ಗೊರಕೆ ಹೊಡೆದೆ.”

“ಹಾಗಿದ್ದರೆ ಒಳಗೆ ಕಲಾಯಿ ಇತ್ತು. ಇರಲಿಲ್ಲ ಅಂತ ಅಯ್ಯನೋರು ಈಗಲೂ ಅಂದರೆ, ಅವರು ಗೊತ್ತಿದ್ದೇ ತಮಗೆ ಕಿಲುಬು ಉಣ್ಣಿಸಲು ಹೊರಟಿದ್ದರು. ಯಾವುದು ಅಂತ ಅವರೇ ಹೇಳಲಿ.”

ದೊರೆ ತಿರುಗಿದರು. “ಹೇಳಯ್ಯ ಸುಬ್ಬರಸ. ಕೂಲಿ ಬಾಕಿಯೋ, ನನಗೆ ವಿಷವೋ?”

ಸುಬ್ಬರಸಯ್ಯ ಕೈಮುಗಿದ. “ಈಗ ನೆನಪಾಯ್ತು ಮಹಾಸ್ವಾಮಿ. ಇವನೇ ಹಾಕಿದ್ದು. ನಲವತ್ತೂ ಇವನೇ.”

ಸೊಂಟದ ಚೀಲ ಬಿಚ್ಚಿ ಅಲ್ಲೇ ಕೂಲಿ ಎಣಿಸಿ ಕೊಟ್ಟ. ಮೂಗುಬೊಟ್ಟು ಉಳಿಯಿತು.

ದೊರೆ ನಕ್ಕರು. ಸಾಕ್ಷಿ ಹೇಳಿದ ಹೊಟ್ಟೆ ಕುಣಿಯಿತು. “ಇಷ್ಟು ಜಾಣತನ ಎಲ್ಲಿ ಕಲಿತೆಯೋ?”

“ನನ್ನದಲ್ಲ ಬುದ್ಧಿ. ಮೊದಲು ಕೇಳಿದ ಮಾತು ನನ್ನ ಹೆಂಡತಿಯದು. ಆಮೇಲಿನದೆಲ್ಲ ಹುಳಿಯದು.”

“ಕರೆಸು ಆಕೆಯನ್ನ. ಒಂದು ಒಳ್ಳೆ ಸೀರೆ ಕೊಡಿಸ್ತೀನಿ.”

“ತೀರಿಕೊಂಡಳು ಬುದ್ಧಿ. ಹೋದ ಮಾಗಿಯಲ್ಲಿ.”

ದೊರೆಯ ನಗು ನಿಂತಿತು. ನನ್ನ ಕಡೆ ಬಾಗಿ ಹೇಳಿದರು, “ಇನ್ನು ಮೇಲೆ ಅರಮನೆಯ ಕಲಾಯಿ ಎಲ್ಲ ನಿನ್ನದೇ.”

“ಆಗಲಿ ಬುದ್ಧಿ. ಆದರೆ ಕೂಲಿ ಬರುವವರೆಗೆ ಕೊನೆಯ ತಪ್ಪಲೆ ಒಂದು ನನ್ನ ಹತ್ತಿರ ಇರುತ್ತೆ.”

“ನನ್ನ ಮೇಲೂ ನಂಬಿಕೆ ಇಲ್ಲವೇನಯ್ಯ?”

“ನನಗಿದೆ ಬುದ್ಧಿ” ಎಂದೆ. “ಅವಳಿಗಿಲ್ಲ.”