ಕಣದಲ್ಲಿ ಕಲಿತ ಕರುಗಳು

ಹೋರಿಗರುಗಳಿಗೆ ಕಣವೇ ಶಾಲೆ. ಕೆಂದ, ಮಾಸ, ಬೂದ ಎಂಬ ಮೂರು ಕರುಗಳನ್ನು ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿ, ಮೇಟಿಕಂಬದ ಸುತ್ತ ಜೋಳದ ತೆನೆ ತುಳಿಸುತ್ತಿದ್ದರು. ದಿನವಿಡೀ ನಡೆದರೂ ಎಲ್ಲಿಗೂ ಹೋಗಿ ಮುಟ್ಟದ ಪಾಠ ಅದು. ಸುಗ್ಗಿ ಮುಗಿದ ಸಂಜೆ ಯಜಮಾನ, ಸಾಲಿನ ನಡುವೆ ನಿಂತಿದ್ದ ಕೆಂದನ ಬೆನ್ನು ತಟ್ಟಿ, "ಇದು ಒಮ್ಮೆಯೂ ಮುಗ್ಗರಿಸಲಿಲ್ಲ. ಇದರ ಕಲಿಕೆ ಮುಗಿಯಿತು, ನಾಳೆಯಿಂದ ಗಾಡಿಗೆ ಕಟ್ಟೋಣ" ಎಂದ.

ಕೆಂದನಿಗೆ ಹಿಗ್ಗುವಷ್ಟು ತ್ರಾಣವೂ ಉಳಿದಿರಲಿಲ್ಲ. ಹಗ್ಗ ಬಿಚ್ಚುವ ಮೊದಲು ಅದು ಜೊತೆಯವರಿಗೆ ಹೇಳಿತು: "ಗೆಳೆಯರೇ, ಈ ಹೊಗಳಿಕೆ ನಿಮಗೆ ಸಲ್ಲಬೇಕು. ಎಷ್ಟೋ ಸುತ್ತು ನಾನು ನಿದ್ದೆಯಲ್ಲೇ ನಡೆದೆ. ಎರಡೂ ಕಡೆ ನಿಮ್ಮ ಹೆಗಲಿತ್ತು, ಅದಕ್ಕೇ ಬೀಳಲಿಲ್ಲ. ನಿಮ್ಮ ಉಪಕಾರ ಮರೆಯಲಾರೆ."

ಮಾಸ ಬೂದನ ಮುಖ ನೋಡಿ, ಕೆಂದನತ್ತ ತಿರುಗಿತು. "ನಿನಗೂ ನಿದ್ದೆಯೇ? ನೀನು ಎಚ್ಚರವಾಗಿದ್ದೀಯೆಂದು ನಂಬಿ, ನಾವಿಬ್ಬರೂ ನಿನಗೇ ಒರಗಿಕೊಂಡು ತೂಕಡಿಸುತ್ತಿದ್ದೆವಲ್ಲ" ಎಂದಿತು.

ಯಜಮಾನ ಹಗ್ಗ ಬಿಚ್ಚಿ ಕೆಂದನನ್ನು ಎಳೆದುಕೊಂಡು ಹೊರಟ. ಉಳಿದೆರಡು ಕರುಗಳು ನಡುವಿನ ಖಾಲಿ ಜಾಗಕ್ಕೆ ವಾಲಿ ಒಂದಕ್ಕೊಂದು ಆತುಕೊಂಡವು. ಕೆಂದ ಮೊದಲ ಹೆಜ್ಜೆಗೇ ಮುಗ್ಗರಿಸಿತು.