ಚೆನ್ನಿಗನ ತಾವರೆ ಗೆಡ್ಡೆ

ಹೂಂ ಅಂತಿರಿ, ಹೇಳ್ತೀನಿ. ನಡುವೆ ತೂಕಡಿಸಿದರೆ ಚೆನ್ನಿಗನ ಸಾಲಿಗೆ ಸೇರಿಸಿಬಿಡ್ತೀನಿ, ಹುಷಾರು!

ಈ ಚೆನ್ನಿಗ ದೊಡ್ಡತಾಯಮ್ಮನ ಮಗ. ತೋಳಲ್ಲಿ ಎತ್ತಿನ ಬಲ, ತಲೆಯಲ್ಲಿ ಬರೀ ಗಾಳಿ. "ಇವನನ್ನ ಹೆತ್ತು ಏನು ಸುಖ ಕಂಡೆ!" ಅಂತ ತಾಯಿ ದಿನಾ ಹಣೆ ಚಚ್ಚಿಕೊಳ್ಳೋಳು. ಅವರ ಹಿತ್ತಿಲಲ್ಲಿ ಒಂದು ಕೊಳ. ಮಗಳು ಕೆಂಪಮ್ಮ ಬಸುರಿಯಾಗಿ ಗಂಡನ ಮನೆಯಿಂದ ಹೇಳಿ ಕಳಿಸಿದಳು: "ಅವ್ವಾ, ಏಳನೇ ತಿಂಗಳಿಗೆ ಬತ್ತೀನಿ. ನಮ್ಮ ಕೊಳದ ತಾವರೆ ಗೆಡ್ಡೆ ಪಲ್ಯನೇ ಬೇಕು ಅಂತ ಜೀವ ಹಾತೊರೀತದೆ!"

ಬಸುರಿ ಬಯಕೆ ತೀರಿಸದೆ ಇರೋಕಾಗುತ್ತಾ? ಕೊಳದ ತಾವರೆ ಹೋದ ಬೇಸಿಗೇಲೇ ಒಣಗಿಹೋಗಿತ್ತು, ಹೊಸದಾಗಿ ಗೆಡ್ಡೆ ನೆಡಬೇಕು. ಆದರೆ ದೊಡ್ಡತಾಯಮ್ಮನಿಗೆ ಮಂಡಿನೋವು, ನೀರಿಗಿಳಿಯೋ ಹಾಗಿಲ್ಲ. ಇದ್ದವನು ಚೆನ್ನಿಗನೊಬ್ಬ.

"ಲೇ ಮಗ, ಈ ತಾವರೆ ಗೆಡ್ಡೆ ಕೊಳಕ್ಕೆ ಹಾಕಿ ಬಾ."

ಹಾಕಿದ. ದಡದಲ್ಲಿ ನಿಂತು ಬೀಸಿ ಹಾಕಿದ! ಗೆಡ್ಡೆ ಬಾತುಕೋಳಿ ಹಾಗೆ ತೇಲಿತು.

"ಅಯ್ಯೋ ಪೆದ್ದ ಮುಂಡೇದೆ! ಕಲ್ಲು ಕಟ್ಟಿ ಕೆಸರಿಗೆ ಮುಳುಗಿಸಬೇಕು ಕಣ್ಲಾ!"

"ಆಯ್ತು ಕಣವ್ವ, ಮೊದಲೇ ಹೇಳಬಾರದಾ!"

ಮುಳುಗಿಸಿದ. ಮಾರನೇ ದಿನ ಅವ್ವ ಒಂದೆಲಗದ ಬಳ್ಳಿ ಕೊಟ್ಟಳು, ಮಗಳಿಗೆ ಚಟ್ನಿಗಾಗಲಿ ಅಂತ. "ಕೊಳದ ಹತ್ರ ನೆಟ್ಟು ಬಾ."

ಅದಕ್ಕೂ ಕಲ್ಲು ಕಟ್ಟಿದ, ಅದನ್ನೂ ಮುಳುಗಿಸಿದ!

"ಅಯ್ಯೋ ನನ್ನ ಕರ್ಮವೇ! ಇದು ದಡದಲ್ಲಿರಬೇಕು. ಕಾಲು ನೀರಲ್ಲಿ, ತಲೆ ಬಿಸಿಲಲ್ಲಿ ಇದ್ರೆ ಚಿಗುರ್ತದೆ ಕಣ್ಲಾ!"

"ಆಯ್ತು ಕಣವ್ವ, ಮೊದಲೇ ಹೇಳಬಾರದಾ!"

ತಿಂಗಳುಗಳು ಉರುಳಿದವು. ಕೊಳದ ತುಂಬ ತಾವರೆ, ದಡದ ತುಂಬ ಒಂದೆಲಗ. ಏಳನೇ ತಿಂಗಳಲ್ಲಿ ಕೆಂಪಮ್ಮ ಬಂದಳು, ಜೊತೆಗೆ ಅವಳ ಗಂಡನೂ ಬಂದ. ಪಾಪ, ಆ ಭಾವನದು ಬೋಳುತಲೆ.

"ಭಾವನ ಕಾಲಿಗೆ ನೀರು ಕೊಡು ಕಣ್ಲಾ" ಅಂತ ಒಲೆ ಮುಂದಿಂದ ಅವ್ವ ಕೂಗಿದಳು.

ಮಟಮಟ ಮಧ್ಯಾಹ್ನ. ಚೆನ್ನಿಗ ಭಾವನನ್ನ ಕೊಳದ ದಡಕ್ಕೆ ಎಳೆದೊಯ್ದ, ತಲೆಯ ಟವೆಲ್ಲು ಕಿತ್ತ, ಕಾಲು ನೀರಿಗಿಳಿಸಿ ಕೂರಿಸಿದ, ಭುಜ ಒತ್ತಿ ಹಿಡಿದ.

"ಬಿಡೋ! ತಲೆ ಸುಡ್ತದೆ!"

"ತಡೀರಿ ಭಾವ, ಈಗ ಚಿಗುರ್ತದೆ!"

ಅವ್ವ ಮಂಡಿನೋವು ಮರೆತು ಓಡಿ ಬಂದಳು. "ಥೂ ನಿನ್ನ! ಮನೆಗೆ ಬಂದೋರನ್ನ ಒಳಕ್ಕೆ ಕರೆದು, ಚಾಪೆ ಹಾಸಿ, ಎಲೆ ಹಾಕಿ, ಬೇಡ ಅಂದ್ರೂ ಬಡಿಸಬೇಕು ಕಣ್ಲಾ!"

"ಆಯ್ತು ಕಣವ್ವ, ಮೊದಲೇ ಹೇಳಬಾರದಾ!"

ಮಾರನೇ ದಿನ ಚೆನ್ನಿಗ ಕೆಸರಿಗಿಳಿದು ಬುಟ್ಟಿ ತುಂಬ ಗೆಡ್ಡೆ ಕಿತ್ತ. ಅವ್ವನ ಮುಖ ಅರಳಿತು. "ಇದು ಬಸುರಿಗೆ ಕಣ್ಲಾ. ಬೇರೆ ಯಾರಿಗೂ ಕೊಡಬೇಡ!" ಅಂದವಳೇ ಮಗಳ ಜೊತೆ ಒಂದೆಲಗ ಕುಯ್ಯೋಕೆ ದಡಕ್ಕೆ ಹೋದಳು.

ಭಾವ ಬಂದು ಒಂದು ಗೆಡ್ಡೆಗೆ ಕೈ ಹಾಕಿದ.

"ನೀವೇನು ಬಸುರಿಯಾ ಭಾವ?" ಅಂತ ಚೆನ್ನಿಗ ಅವನನ್ನ ಓಡಿಸಿದ.

ತಾಯಿ, ಮಗಳು ಮಡಿಲ ತುಂಬ ಸೊಪ್ಪು ತುಂಬಿಕೊಂಡು ಬಂದು ನೋಡ್ತಾರೆ, ನಡುಮನೆ ಚಾಪೆ ಮೇಲೆ ಪಕ್ಕದ ಮನೆ ಗಬ್ಬದ ಎಮ್ಮೆ ಮಲಗಿದೆ! ಮುಂದೆ ತಾವರೆ ಎಲೆ, ಎಲೆ ತುಂಬ ಗೆಡ್ಡೆ.

"ನಾಚ್ಕೋಬೇಡಿ, ಇನ್ನೊಂದು ಹಾಕಿಸ್ಕೊಳ್ಳಿ!" ಅಂತ ಚೆನ್ನಿಗ ಬಡಿಸ್ತಾ ಇದಾನೆ.

"ಅಯ್ಯಯ್ಯೋ, ಬಸುರಿಗಿಟ್ಟಿದ್ದು ಕಣ್ಲಾ!"

"ಇವರೂ ಬಸುರಿನೇ ಕಣವ್ವ! ಮನೆ ಬಾಗಿಲಿಗೆ ಬಂದವ್ರೆ!"

ಅವ್ವ ತಲೆ ಮೇಲೆ ಕೈ ಹೊತ್ತು ಕೂತಳು. ಕೆಂಪಮ್ಮನಿಗೋ ನಗು ತಡೆಯೋಕಾಗಲಿಲ್ಲ. ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. ಬುಟ್ಟಿಯಲ್ಲಿನ್ನೂ ಅರ್ಧ ಗೆಡ್ಡೆ ಇತ್ತು. ಎಮ್ಮೆ ಪಕ್ಕದಲ್ಲೇ ಕೂತು, "ನನಗೂ ಒಂದು ಎಲೆ ಹಾಕೋ ತಮ್ಮ" ಅಂದಳು.

ಚೆನ್ನಿಗ ಬುಟ್ಟಿ ಅವುಚಿಕೊಂಡ.

"ಅತ್ತ ಸರಿ, ಅಕ್ಕ! ಇವರಿಗೆ ಹತ್ತು ತಿಂಗಳು ತುಂಬಿದೆ, ನಿಂಗಿನ್ನೂ ಏಳು. ನಿಂದು ಎರಡನೇ ಪಂಕ್ತಿ!"